ಹಿಡಿದಿಡುವುದು ಗೇರು, ನಿಲ್ಲಿಸುವುದು ಬ್ರೇಕು

ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಇಳಿದು ಸೋಮೇಶ್ವರ ಮುಟ್ಟಿದ ಕಾರುಗಳ ಪಕ್ಕ ಸುಮ್ಮನೆ ಹಾದುಹೋಗಿ. ಯಾರು ಹೇಗೆ ಇಳಿದರೆಂದು ಮೂಗೇ ಹೇಳಿಬಿಡುತ್ತದೆ. ಸುಟ್ಟ ವಾಸನೆ ಮುಂದಿನ ಚಕ್ರದ ಬಳಿ ಬಂದರೆ ಉದ್ದಕ್ಕೂ ಬ್ರೇಕ್ ತುಳಿದುಕೊಂಡೇ ಬಂದವರು. ಬಾನೆಟ್ ಅಡಿಯಿಂದ ಬಂದರೆ ಹಾಫ್ ಕ್ಲಚ್ಚಿನಲ್ಲಿ ಗೇರ್ ಇಳಿಸಿದವರು. ಯಾವ ವಾಸನೆಯೂ ಇಲ್ಲದ ಕಾರು ಸಿಕ್ಕರೆ ಅದರ ಚಾಲಕರಿಗೆ ನನ್ನದೊಂದು ನಮಸ್ಕಾರ ಹೇಳಿ.

ವೇಗ ತಗ್ಗಿಸಲು ಗೇರ್ ಇಳಿಸಬೇಕೋ ಬ್ರೇಕ್ ಒತ್ತಬೇಕೋ ಎಂಬ ಜಗಳ ಕಾರು ಓಡಿಸುವವರಲ್ಲಿ ಇನ್ನೂ ಬಗೆಹರಿದಿಲ್ಲ. ನನ್ನ ಮಟ್ಟಿಗೆ ಇದು ಜಗಳವೇ ಅಲ್ಲ. ಓಟ ಕಮ್ಮಿ ಮಾಡುವುದು ಬ್ರೇಕಿನ ಕೆಲಸ, ಕಮ್ಮಿಯಾದ ಓಟ ಇಳಿಜಾರಿನಲ್ಲಿ ಮತ್ತೆ ಏರದಂತೆ ಹಿಡಿದಿಡುವುದು ಗೇರಿನ ಕೆಲಸ.

ಸಮತಟ್ಟಿನ ರಸ್ತೆಯಲ್ಲಿ ಹೆಚ್ಚು ಯೋಚಿಸಬೇಕಾದ್ದೇನಿಲ್ಲ. ಟೋಲ್ ಗೇಟ್ ಕಂಡ ಕೂಡಲೇ ಐದರಿಂದ ನಾಲ್ಕು, ಮೂರು, ಎರಡು ಎಂದು ಮೆಟ್ಟಿಲಿಳಿಯುವವರಿದ್ದಾರೆ. ಬ್ರೇಕ್ ಪ್ಯಾಡ್ ಉಳಿಸಿದೆನೆಂಬ ತೃಪ್ತಿ ಅವರದು. ಪ್ಯಾಡ್ ಇರುವುದೇ ಸವೆಯಲಿಕ್ಕೆ. ಚಕ್ರ ಬಿಚ್ಚಿದರೆ ಹೊಸದು ಕೂರಿಸಬಹುದು. ಕ್ಲಚ್ ಪ್ಲೇಟ್ ಹಾಕಲು ಗೇರ್‌ಬಾಕ್ಸನ್ನೇ ಕೆಳಗಿಳಿಸಬೇಕು, ಬಿಲ್ಲೂ ಅದಕ್ಕೆ ತಕ್ಕ ಹಾಗೇ ಬರುತ್ತದೆ. ಮೇಲಾಗಿ, ಗೇರ್ ಇಳಿಸಿದರೆ ಹಿಂದಿನ ಕೆಂಪು ದೀಪ ಹತ್ತುವುದಿಲ್ಲ. ಬೆಂಗಳೂರಿನಲ್ಲಿ ಬಂಪರಿಗೆ ಅಂಟಿಕೊಂಡು ಬರುವ ಆಟೋದವನಿಗೆ ನಿಮ್ಮ ಗೇರಿನ ವಿಷಯ ಹೇಗೆ ಗೊತ್ತಾಗಬೇಕು? ಅಲ್ಲಿ ಬ್ರೇಕ್ ಒತ್ತಿ, ಕೊನೆಯಲ್ಲಿ ಬೇಕಾದ ಗೇರಿಗೆ ಒಂದೇ ಸಲ ಹಾಕಿ, ಮುಗಿಯಿತು.

ಘಾಟಿಯ ಲೆಕ್ಕ ಬೇರೆ. ಜನ, ಸಾಮಾನು ಸೇರಿ 1,200 ಕಿಲೋ ತೂಗುವ ಕಾರು 500 ಮೀಟರ್ ಎತ್ತರದಿಂದ ಇಳಿದರೆ ಸುಮಾರು 59 ಲಕ್ಷ ಜೂಲ್ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಹದಿನೇಳು ಲೀಟರಿನಷ್ಟು ತಣ್ಣೀರು ಹಂಡೆಯಲ್ಲಿ ಕುದಿ ಬರಲು ಅಷ್ಟೇ ಶಾಖ ಸಾಕು. ಅಷ್ಟನ್ನೂ ಬ್ರೇಕೊಂದೇ ನುಂಗಬೇಕೆಂದರೆ, ಅದರಲ್ಲೂ ಹೆಚ್ಚಿನ ಪಾಲು ಬೀಳುವುದು ಮುಂದಿನ ಎರಡು ಡಿಸ್ಕುಗಳ ಮೇಲೆ. ಪ್ಯಾಡ್ ಮಿತಿ ಮೀರಿ ಕಾದರೆ ಹಿಡಿತ ಬಿಡುತ್ತದೆ. ಬ್ರೇಕ್ ಆಯಿಲಿನದು ಇನ್ನೊಂದು ಕಥೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ಆದರೆ ಅದು ಗಾಳಿಯ ತೇವ ಹೀರುವ ಪದಾರ್ಥ. ನೀರು ಸೇರಿದ ಹಳೇ ಆಯಿಲಿಗೆ ಆ ಮಿತಿ 140ಕ್ಕೆ ಇಳಿಯುತ್ತದೆ. ಆಯಿಲ್ ಕುದಿದು ಪೈಪಿನಲ್ಲಿ ಆವಿ ತುಂಬಿದರೆ ಪೆಡಲ್ ಸಲೀಸಾಗಿ ನೆಲ ಮುಟ್ಟುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. 'ಬ್ರೇಕ್ ಫೇಲ್' ಎಂದು ವರದಿಯಾಗುವ ಎಷ್ಟೋ ಪ್ರಕರಣಗಳಲ್ಲಿ ಬ್ರೇಕಿನ ತಪ್ಪಿಗಿಂತ ಅದನ್ನು ದುಡಿಸಿಕೊಂಡ ರೀತಿಯ ತಪ್ಪೇ ದೊಡ್ಡದಿರಬಹುದು.

ಘಾಟಿಯ ಬುಡದಲ್ಲಿ ಒಮ್ಮೆ, ಹೊಗೆಯಾಡುತ್ತಿದ್ದ ಚಕ್ರಕ್ಕೆ ಒಬ್ಬರು ಬಾಟಲಿ ನೀರು ಸುರಿಯಲು ಬಗ್ಗಿದ್ದರು. ಪಕ್ಕದಲ್ಲಿ ಜೀಪಿಗೆ ಒರಗಿ ನಿಂತಿದ್ದ ಹಿರಿಯ ಚಾಲಕರು ಕೂಗಿದರು: "ನೀರು ಹಾಕ್ಬೇಡಿ ಮಾರಾಯ್ರೆ, ಡಿಸ್ಕು ಸೊಟ್ಟ ಆದ್ರೆ ಆಮೇಲೆ ಬ್ರೇಕ್ ಹಿಡ್ದಾಗೆಲ್ಲ ಸ್ಟೇರಿಂಗು ನಡುಗ್ತದೆ. ಹ್ಯಾಂಡ್‌ಬ್ರೇಕ್ ಸಾ ಎಳೀಬೇಡಿ. ಗೇರಲ್ಲಿ ಬಿಟ್ಟು, ಚಕ್ರಕ್ಕೊಂದು ಕಲ್ಲು ಕೊಟ್ಟು ಚಾ ಕುಡ್ದು ಬನ್ನಿ." ಇದಕ್ಕಿಂತ ಒಳ್ಳೆಯ ಸರ್ವಿಸ್ ಮ್ಯಾನ್ಯುಯಲ್ ನಾನು ಓದಿಲ್ಲ.

ಎಕ್ಸಲರೇಟರ್ ಬಿಟ್ಟು ಎರಡನೇ ಗೇರಿನಲ್ಲಿ ಇಳಿಯುವಾಗ ಪೆಟ್ರೋಲ್ ಎಂಜಿನ್ನಿನ ಗಾಳಿಬಾಗಿಲು ಬಹುತೇಕ ಮುಚ್ಚಿರುತ್ತದೆ. ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತವೆ, ಪಿಸ್ಟನ್ನುಗಳು ಸಿಗದ ಗಾಳಿಗೆ ಎಳೆದಾಡುತ್ತವೆ, ಆ ಎಳೆದಾಟವೇ ಕಾರನ್ನು ಹಿಡಿಯುತ್ತದೆ. ಡೀಸೆಲ್ ಲಾರಿಯ ಎಂಜಿನ್ನಿಗೆ ಸಾಮಾನ್ಯವಾಗಿ ಅಂಥ ಬಾಗಿಲಿಲ್ಲ. ಅದಕ್ಕೇ ಹೊಗೆ ಹೋಗುವ ದಾರಿಯನ್ನೇ ಮುಚ್ಚುವ ಎಗ್ಸಾಸ್ಟ್ ಬ್ರೇಕ್ ಅಲ್ಲಿ ಬೇಕಾಗುತ್ತದೆ. ಇಂಧನದ ವಿಷಯಕ್ಕೆ ಬಂದರೆ, ಇಂಜೆಕ್ಷನ್ ಇರುವ ಕಾರು ಈ ಹೊತ್ತಿನಲ್ಲಿ ಪೆಟ್ರೋಲನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಿರಲಿ ಎಂದು ಮತ್ತೆ ಕುಡಿಯತೊಡಗುತ್ತದೆ. ಮೈಲೇಜಿನ ಆಸೆಗೆ ನ್ಯೂಟ್ರಲ್ ಹಾಕಿ ಇಳಿಯುವವರು ಕಾರ್ಬ್ಯುರೇಟರ್ ಕಾಲದ ಜಾಣತನವನ್ನು ಇನ್ನೂ ಬಿಟ್ಟಿಲ್ಲ. ಕೀಲಿಯನ್ನೇ ಆಫ್ ಮಾಡುವ ಮಹಾನುಭಾವರೂ ಇದ್ದಾರೆ. ನಾಲ್ಕಾರು ಸಲ ಬ್ರೇಕ್ ಒತ್ತುವಷ್ಟರಲ್ಲಿ ಬೂಸ್ಟರಿನ ನಿರ್ವಾತ ಖಾಲಿಯಾಗಿ ಪೆಡಲ್ ಕಲ್ಲಾಗುತ್ತದೆ.

ಹತ್ತಿದ ಗೇರಿನಲ್ಲೇ ಇಳಿ ಎಂದು ಹಳೇ ಡ್ರೈವರುಗಳು ಹೇಳಿಕೊಡುತ್ತಿದ್ದರು. ಅಂಬಾಸಿಡರ್ ಕಾಲಕ್ಕೆ ಅದು ಸರಿಯಿತ್ತು. ಈಗಿನ ಟರ್ಬೋ ಕಾರುಗಳು ಮೂರನೇ ಗೇರಿನಲ್ಲಿ ಆರಾಮಾಗಿ ಹತ್ತಿಬಿಡುತ್ತವೆ, ಆದರೆ ಅದೇ ಮೂರು ಇಳಿಯುವಾಗ ಹಿಡಿಯುವುದಿಲ್ಲ. ಬ್ರೇಕನ್ನು ಪದೇ ಪದೇ ಮುಟ್ಟಬೇಕಾಗಿ ಬಂದರೆ ಒಂದು ಗೇರ್ ಕೆಳಗೆ ಹೋಗಬೇಕೆಂದೇ ಅರ್ಥ. ಎಂಜಿನ್ ಕೂಗಿದರೆ ಕೂಗಲಿ, 3,000 ಆರ್‌ಪಿಎಂ ಅದಕ್ಕೆ ಭಾರವಲ್ಲ.

ಇನ್ನು ಗೇರ್ ಇಳಿಸುವುದರ ರುಚಿಯ ಮಾತು. ಸಾಮಾನ್ಯ ಪೆಟ್ರೋಲ್ ಹ್ಯಾಚ್‌ಬ್ಯಾಕಿನಲ್ಲಿ ಗಂಟೆಗೆ 40 ಕಿ.ಮೀ. ಓಟಕ್ಕೆ ಮೂರನೇ ಗೇರಿನಲ್ಲಿ ಆರ್‌ಪಿಎಂ ಮುಳ್ಳು 2,000ದ ಆಸುಪಾಸು ಇದ್ದರೆ, ಎರಡನೆಯದಕ್ಕೆ ಅದು 3,000 ದಾಟಬೇಕು. ಕ್ಲಚ್ ಒತ್ತಿದಾಗ ಎಂಜಿನ್ನಿನ ಓಟ ಬಿದ್ದುಹೋಗುತ್ತದೆ. ಹಾಗೇ ಕ್ಲಚ್ ಬಿಟ್ಟರೆ ಕಾರು ಮುಗ್ಗರಿಸುತ್ತದೆ, ಹಿಂದಿನ ಸೀಟಿನ ಅಜ್ಜಿಯ ಎಲೆಯಡಿಕೆ ಚೀಲ ಕೆಳಗುರುಳುತ್ತದೆ. ಕ್ಲಚ್ ಕೆಳಗಿರುವಾಗಲೇ ಬಲಗಾಲಿನಿಂದ ಎಕ್ಸಲರೇಟರಿಗೊಂದು ಸಣ್ಣ ತಟ್ಟು ಕೊಟ್ಟು, ಮುಳ್ಳು ಏರಿದ ಕ್ಷಣದಲ್ಲಿ ಬಿಟ್ಟರೆ ಗೇರ್ ಬಿದ್ದದ್ದೇ ತಿಳಿಯದು. ಬ್ರೇಕಿನ ಮೇಲೆ ಪಾದದ ಮುಂಭಾಗವನ್ನೂ ಎಕ್ಸಲರೇಟರಿನ ಮೇಲೆ ಅದರ ಬದಿಯನ್ನೂ ಇಟ್ಟು ಎರಡನ್ನೂ ಒಟ್ಟಿಗೆ ಮಾಡುವುದು ರ‍್ಯಾಲಿ ಚಾಲಕರ ವರಸೆ. ನಮಗೆ ಅದು ಬೇಡ. ತಿರುವಿಗೆ ಮುಂಚೆ ನೇರ ದಾರಿಯಲ್ಲೇ ಬ್ರೇಕ್ ಮುಗಿಸಿ, ಆಮೇಲೆ ಗೇರ್ ಇಳಿಸಿದರೆ ಸಾಕು.

ಈ ಕ್ರಮ ತಿರುಗುಮುರುಗಾದರೆ ಅಪಾಯ ಇದೆ. ಎಂಜಿನ್ ಹಿಡಿತ ಅದು ಎಳೆಯುವ ಚಕ್ರಗಳಿಗೆ ಮಾತ್ರ. ಹಿಂದಿನ ಚಕ್ರ ಎಳೆಯುವ ಓಮ್ನಿ, ಬೊಲೆರೊದಂಥ ಗಾಡಿಯಲ್ಲಿ ಒದ್ದೆ ತಿರುವಿನ ನಡುವೆ ಒರಟಾಗಿ ಗೇರ್ ಇಳಿಸಿದರೆ ಹಿಂಭಾಗ ಜಾರಬಹುದು. ಹೆದ್ದಾರಿಯ ಓಟದಲ್ಲಿ ನಾಲ್ಕರ ಬದಲು ಕೈತಪ್ಪಿ ಎರಡಕ್ಕೆ ಹೋದರೆ ಎಂಜಿನ್ನಿನ ರೆವ್ ಲಿಮಿಟರ್ ಕೂಡ ಕಾಪಾಡುವುದಿಲ್ಲ. ಅದಕ್ಕೆ ಪೆಟ್ರೋಲ್ ನಿಲ್ಲಿಸಲು ಗೊತ್ತು, ಚಕ್ರಗಳನ್ನು ನಿಲ್ಲಿಸಲು ಗೊತ್ತಿಲ್ಲ.