ಬಳ್ಳಿ ತುಂಡಾಗುವ ಜಾಗ

ನಮ್ಮ ಹಾಸನ, ಅರಕಲಗೂಡಿನ ಕಡೆ ಕಾಫಿಗೆ ಒಗ್ಗಿದ್ದು ಹಿತ್ತಾಳೆಯ ಲೋಟ. ಅದರ ಮೈಮೇಲೆ ಚಿತ್ತಾರವಿಲ್ಲ, ಹೆಚ್ಚೆಂದರೆ ಕಂಠದ ಕೆಳಗೆ ಒಂದೆರಡು ಗೀರು. ಆ ಬರಿಮೈಗೆ ಪಳಗಿದ ಕಣ್ಣಿಗೆ ಇಂಗ್ಲೆಂಡಿನ ಹಳೆಯ ಪಿಂಗಾಣಿ ಕಪ್ಪು ಒಂದು ಬೆರಗು. ನಮ್ಮದೇ ಜಿಲ್ಲೆಯ ಮಂಜರಾಬಾದಿನಲ್ಲಿ ರಾಬರ್ಟ್ ಎಲಿಯಟ್‌ನಂಥ ಬ್ರಿಟಿಷ್ ಪ್ಲಾಂಟರುಗಳು ಕಾಫಿ ಬೆಳೆಸುತ್ತಿದ್ದ ಕಾಲಕ್ಕೆ ಅವರ ನಾಡಿನಲ್ಲಿ ಮನೆಮಾತಾಗಿದ್ದ ಚಿತ್ತಾರ 'ವಿಲ್ಲೋ': ಬಾಗಿದ ಮರ, ಸೇತುವೆಯ ಮೇಲೆ ಮೂವರು, ಒಂದು ದೋಣಿ, ಮೇಲೆ ಜೋಡಿಹಕ್ಕಿ.

ನೋಡಲು ಚೀನಾ, ಹುಟ್ಟಿದ್ದು 1790ರ ಸುಮಾರಿಗೆ ಇಂಗ್ಲೆಂಡಿನಲ್ಲಿ. ಈ ಚಿತ್ತಾರಕ್ಕೆ ಅಂಟಿಕೊಂಡ, ಓಡಿಹೋದ ಪ್ರೇಮಿಗಳ ಕಥೆಯೂ ಅಲ್ಲಿಯದೇ. 1849ರಲ್ಲಿ ಒಂದು ಪತ್ರಿಕೆ ಅದನ್ನು ಅಚ್ಚು ಹಾಕಿತು. ಚಿತ್ರ ಮೊದಲು, ಕಥೆ ಆಮೇಲೆ. ಇದನ್ನು ನಾನು ದೋಷವೆನ್ನುವುದಿಲ್ಲ. ಚಿತ್ರ ಚೆನ್ನಾಗಿದ್ದರೆ ಕಥೆ ತಾನಾಗಿ ಬಂದು ಕೂರುತ್ತದೆ.

ನನ್ನ ತಕರಾರು ಬೇರೆ. ತಾಮ್ರದ ತಗಡಿನಲ್ಲಿ ಕೊರೆದ ಗೆರೆಗೆ ಕೋಬಾಲ್ಟಿನ ಬಣ್ಣ ತುಂಬಿ, ತೆಳು ಕಾಗದಕ್ಕೆ ಇಳಿಸಿ, ಆ ಕಾಗದವನ್ನು ಸುಟ್ಟ ಪಾತ್ರೆಗೆ ಒತ್ತುತ್ತಿದ್ದರು. ಆಮೇಲೆ ಮೆರುಗು, ಮತ್ತೆ ಬೆಂಕಿ. ಚಪ್ಪಟೆ ತಟ್ಟೆಗೆ ಇದು ಸೊಗಸಾಗಿ ಕೂರುತ್ತದೆ. ಚುಕ್ಕಿ ಚುಕ್ಕಿಯಲ್ಲೇ ನೀರಿನ ಆಳ ತೋರಿಸಿದ ಕೊರೆತಗಾರನ ಕೈಗೆ ನಾನು ಮನಸೋತಿದ್ದೇನೆ. ಆದರೆ ಕಪ್ಪು ದುಂಡು, ಕಾಗದ ಸಮತಟ್ಟು. ಅಂಚಿನ ಪಟ್ಟಿಯನ್ನು ಕತ್ತರಿಸಿ ಸುತ್ತಿದಾಗ ಎರಡು ತುದಿ ಎಷ್ಟೋ ಸಲ ಕೂಡುವುದಿಲ್ಲ: ಅರ್ಧ ಹೂವಿನ ಪಕ್ಕ ಇನ್ನಾವುದೋ ಹೂವಿನ ಕಾಲುಭಾಗ.

ಇದರ ಎದುರಿಗೆ, ಚನ್ನರಾಯಪಟ್ಟಣ ತಾಲೂಕಿನ ನುಗ್ಗೇಹಳ್ಳಿಗೆ ಹೋಗಿ, 1246ರ ಲಕ್ಷ್ಮೀನರಸಿಂಹ ಗುಡಿಯ ಬುಡದಲ್ಲಿ ಹಬ್ಬಿದ ಬಳ್ಳಿಯ ಪಟ್ಟಿಕೆ ನೋಡಿ. ಗೋಡೆ ಹತ್ತಾರು ಕಡೆ ಮುರಿಯುತ್ತದೆ. ಮೂಲೆ ಬಂದಲ್ಲಿ ಬಳ್ಳಿಯೂ ಹೊರಳಿ, ಗೋಡೆಯ ಜೊತೆಗೇ ನಡೆಯುತ್ತದೆ. ಕಲ್ಲನ್ನೂ ಕಾಗದವನ್ನೂ ಹೋಲಿಸಬಾರದು ಎನ್ನುವವರುಂಟು. ಹೋಲಿಸಲೇಬೇಕು. ಹೊದ್ದ ಮೈಯನ್ನು ಚಿತ್ತಾರ ಅರಿತಿದೆಯೇ ಎಂಬ ಪ್ರಶ್ನೆ ಗುಡಿಗೂ ಒಂದೇ, ಕಪ್ಪಿಗೂ ಒಂದೇ. ಅದರಲ್ಲಿ ವಿಲ್ಲೋ ಕಪ್ಪು ಸೋಲುತ್ತದೆ, ತಟ್ಟೆ ಗೆಲ್ಲುತ್ತದೆ.

ಹಾಗೆಂದು ಆ ಸೋಲನ್ನು ಹಗುರವಾಗಿ ಕಾಣಲಾರೆ. ನುಗ್ಗೇಹಳ್ಳಿಯಲ್ಲಿ ಶಿಲ್ಪಿಗಳಾದ ಬೈಚೋಜ, ಮಲ್ಲಿತಮ್ಮ ತಮ್ಮ ಹೆಸರು ಕೆತ್ತಿಹೋದರು. ಇಂಗ್ಲೆಂಡಿನ ಆ ಕಾರ್ಖಾನೆಗಳಲ್ಲಿ ಕಾಗದ ಕತ್ತರಿಸುತ್ತಿದ್ದವರು ಹೆಚ್ಚಾಗಿ ಎಳೆಯ ಹುಡುಗಿಯರು. ಕಪ್ಪಿನ ತಳದಲ್ಲಿ ಮುದ್ರೆ ಇದ್ದರೆ ಅದು ಕಾರ್ಖಾನೆಯದು. ಆ ಹುಡುಗಿಯ ಕತ್ತರಿ ಎಲ್ಲಿ ನಿಂತಿತೆಂದು ಹೇಳುವುದು ಹಿಡಿಕೆಯ ಹಿಂದೆ ಕೂಡದೆ ಉಳಿದ ಆ ಅರ್ಧ ಹೂವು ಮಾತ್ರ.