ಪುಸ್ತಕ ಕಳೆದರೆ ಕಳೆಯಲಿ

ಸರ್ಕಾರಿ ಶಾಲೆಗಳ ಗ್ರಂಥಾಲಯದ ಮಾತೆತ್ತಿದರೆ ನಮ್ಮಲ್ಲಿ ಎರಡೇ ರಾಗ. ಮಕ್ಕಳು ಮೊಬೈಲಿಗೆ ಅಂಟಿಕೊಂಡಿದ್ದಾರೆ, ಓದುವುದಿಲ್ಲ ಎಂಬುದು ಒಂದು. ಶಾಲೆಯಲ್ಲಿ ಪುಸ್ತಕಗಳಿಲ್ಲ, ದಾನ ಕೊಡೋಣ ಎಂಬುದು ಇನ್ನೊಂದು. ಮೊದಲನೆಯದರ ಜೊತೆ ವಾದಕ್ಕಿಳಿಯುವ ಉಮೇದು ನನಗಿಲ್ಲ. ಬೀರುವಿಗೆ ಬೀಗ ಹಾಕಿಟ್ಟು ಮಗುವನ್ನು ದೂರುವುದು ಅನ್ಯಾಯ. ಎರಡನೆಯದು ಸದುದ್ದೇಶದ್ದು. ಜಗಳ ಆಡಬೇಕಾದದ್ದು ಅದರ ಜೊತೆಗೇ.

ಪುಸ್ತಕದ ಕೊರತೆ ಎಲ್ಲೂ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ 2018ರಲ್ಲಿ ಬಂದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಗ್ರಂಥಾಲಯಕ್ಕೆಂದೇ ಶಾಲೆಯೊಂದಕ್ಕೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಅನುದಾನಕ್ಕೆ ಅವಕಾಶವಿದೆ. ಶಾಲೆಗಳ ಅಂಕಿಅಂಶ ಕಲೆಹಾಕುವ ಯುಡೈಸ್ ದಾಖಲೆ ನೋಡಿದರೆ ದೇಶದ ಹತ್ತು ಶಾಲೆಗಳಲ್ಲಿ ಎಂಟಕ್ಕೂ ಹೆಚ್ಚು ‘ಇದೆ’ ಎಂದು ಬರೆಸಿವೆ. ಏನು ಇದೆ? ಆ ಕಾಲಂನಲ್ಲಿ ಗ್ರಂಥಾಲಯ, ಬುಕ್ ಬ್ಯಾಂಕ್, ಓದುವ ಮೂಲೆ ಮೂರೂ ಒಟ್ಟಿಗಿವೆ. ಗೋಡೆಗೆ ಕಟ್ಟಿದ ಹಗ್ಗದಲ್ಲಿ ನೇತಾಡುವ ಒಂದಷ್ಟು ಕಥೆಪುಸ್ತಕಕ್ಕೂ ಪ್ರತ್ಯೇಕ ಕೋಣೆಗೂ ಬೀಳುವುದು ಒಂದೇ ಟಿಕ್. ಅಸರ್ ಸಮೀಕ್ಷೆ ನೋಡುವುದು ಬೇರೆಯದನ್ನು: ಭೇಟಿಯ ದಿನ ಮಕ್ಕಳು ಪಠ್ಯದಾಚೆಯ ಪುಸ್ತಕ ಬಳಸುತ್ತಿದ್ದರೇ? ಗ್ರಾಮೀಣ ಶಾಲೆಗಳಲ್ಲಿ 2018ರಲ್ಲಿ ಸುಮಾರು ಶೇ. 37ರಲ್ಲಿ, 2022ರಲ್ಲಿ ಶೇ. 44ರಲ್ಲಿ ಬಳಸುತ್ತಿದ್ದರು. ಏರಿಕೆ ನಿಜವೇ. ಆದರೂ ಇರುವುದಕ್ಕೂ ಓದುವುದಕ್ಕೂ ನಡುವಿನ ಅಂತರ ದೊಡ್ಡದು. ಇನ್ನೂ ನಾಲ್ಕು ಪೆಟ್ಟಿಗೆ ಪುಸ್ತಕ ತಂದಿಳಿಸಿದರೆ ಅದು ಕಡಿಮೆಯಾಗುವುದಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನೇ ನೋಡಿ. ಪ್ರತಿ ಶಾಲೆಯಲ್ಲೂ ಪತ್ರಿಕೆ, ನಿಯತಕಾಲಿಕ, ಕಥೆಪುಸ್ತಕಗಳಿರುವ ಗ್ರಂಥಾಲಯ ಬೇಕು ಎನ್ನುತ್ತದೆ. ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕೂ ಹೆಚ್ಚು ಮಕ್ಕಳಿದ್ದರೆ ಚಿತ್ರಕಲೆಗೆ, ದೈಹಿಕ ಶಿಕ್ಷಣಕ್ಕೆ, ಕಾರ್ಯಾನುಭವಕ್ಕೆ ಅರೆಕಾಲಿಕ ಬೋಧಕರು ಬೇಕು ಎನ್ನುತ್ತದೆ. ಗ್ರಂಥಪಾಲಕರ ಸುದ್ದಿಯೇ ಇಲ್ಲ. ಕೇಂದ್ರೀಯ ವಿದ್ಯಾಲಯಗಳಲ್ಲಿ ಇರುವ ಹುದ್ದೆ ಹಳ್ಳಿಶಾಲೆಗೆ ಬರುವಾಗ ‘ಪ್ರಭಾರ’ವಾಗುತ್ತದೆ. ಬಿಸಿಯೂಟದ ಲೆಕ್ಕ, ವಿದ್ಯಾರ್ಥಿ ಮಾಹಿತಿಯ ಸ್ಯಾಟ್ಸ್ ನಮೂದು ಮುಗಿಸಿ ಸಮಯ ಮಿಕ್ಕಿದರೆ ಕನ್ನಡ ಮೇಷ್ಟರು ಬೀರು ತೆರೆಯಬೇಕು.

ತೆರೆಯಲು ಅವರಿಗೆ ಸಮಯದ ಜೊತೆ ಧೈರ್ಯವೂ ಬೇಕು. ಪ್ರಭಾರ ವಹಿಸಿಕೊಂಡ ದಿನ ಅವರು ಸಹಿ ಹಾಕುವುದು ದಾಸ್ತಾನು ವಹಿಗೆ. ವರ್ಗಾವಣೆಯಾದರೆ ಅದೇ ವಹಿ ಹಿಡಿದು ಪುಸ್ತಕ ಎಣಿಸಿ ಚಾರ್ಜು ಕೊಡಬೇಕು. ಕಡಿಮೆ ಬಿದ್ದರೆ ಕೈಯಿಂದ ಕಟ್ಟಬೇಕಾದೀತೆಂಬ ಅಂಜಿಕೆ. ಮಗುವಿಗೆ ಪುಸ್ತಕ ಕೊಡದಿದ್ದರೆ ಯಾರೂ ಕೇಳುವುದಿಲ್ಲ, ಕೊಟ್ಟದ್ದು ಕಳೆದರೆ ಎಲ್ಲರೂ ಕೇಳುತ್ತಾರೆ. ಹೀಗಿರುವಾಗ ಬೀಗ ಹಾಕುವ ಮೇಷ್ಟರು ಸೋಮಾರಿಯಲ್ಲ, ವ್ಯವಹಾರ ಬಲ್ಲವರು. ಬೆನ್ನು ಮುರಿಯದ, ಹಾಳೆ ಮಾಸದ ಪುಸ್ತಕಗಳ ಸಾಲು ಕಂಡು ‘ಅಚ್ಚುಕಟ್ಟಾಗಿ ಇಟ್ಟಿದ್ದೀರಿ’ ಎಂದು ತಪಾಸಣೆಯವರು ಮೆಚ್ಚುವುದುಂಟು. ನನಗೆ ಆ ಸಾಲು ಆರೋಪಪಟ್ಟಿಯಂತೆ ಕಾಣುತ್ತದೆ.

ಸೋಜಿಗವೆಂದರೆ ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳೇ ಈ ವಿಷಯದಲ್ಲಿ ನಮಗಿಂತ ಉದಾರ. ಓದಲು ಕೊಟ್ಟ ಸಾವಿರ ಪುಸ್ತಕಗಳಿಗೆ ವರ್ಷಕ್ಕೆ ಐದು ಕಳೆದರೆ, ಮೋಸವೋ ನಿರ್ಲಕ್ಷ್ಯವೋ ಇಲ್ಲದಿದ್ದಲ್ಲಿ, ಅದು ಸಹಜ ನಷ್ಟ ಎಂದು ಅವು ಒಪ್ಪುತ್ತವೆ. ಮಳೆಯಲ್ಲಿ ನೆನೆಯುವ, ತಂಗಿ ಗೀಚುವ, ಅಜ್ಜಿ ಮನೆಯಲ್ಲೇ ಮರೆತು ಬರುವ ಮಕ್ಕಳ ಪುಸ್ತಕಕ್ಕೆ ಐದು ತೀರಾ ಜಿಪುಣತನ. ತತ್ವವನ್ನಾದರೂ ರಾಜ್ಯದ ಶಾಲೆಗಳಿಗೆ ಲಿಖಿತವಾಗಿ ಅನ್ವಯಿಸಬೇಕು.

ಪ್ರತಿ ಶಾಲೆಗೂ ಬಿ.ಲಿಬ್. ಪದವೀಧರರನ್ನು ನೇಮಿಸಿ ಎನ್ನುವ ವೃತ್ತಿಬಾಂಧವರ ಬೇಡಿಕೆಯನ್ನು ನಾನು ಗೌರವಿಸುತ್ತೇನೆ, ಪ್ರೌಢಶಾಲೆಗಳ ಮಟ್ಟಿಗೆ ಪೂರ್ತಿ ಒಪ್ಪುತ್ತೇನೆ. ಇಬ್ಬರು ಶಿಕ್ಷಕರು, ಮೂವತ್ತು ಮಕ್ಕಳ ಕಿರಿಯ ಪ್ರಾಥಮಿಕ ಶಾಲೆಗೆ ಅದು ಆಗದ ಮಾತು. ಅಲ್ಲದೆ ವರ್ಗೀಕರಣ, ಸೂಚೀಕರಣ ಕಲಿತವರೆಲ್ಲ ಎಂಟು ವರ್ಷದ ಹುಡುಗಿಗೆ ಹಿಡಿಸುವ ಪುಸ್ತಕ ಯಾವುದೆಂದು ಬಲ್ಲರೆನ್ನಲಾಗದು. ಬೆಂಗಳೂರಿನಲ್ಲಿ ನೆಲೆಸಿ 1972ರಲ್ಲಿ ಇಲ್ಲೇ ತೀರಿಕೊಂಡ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ತಮ್ಮ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೊದಲ ಸ್ಥಾನ ಕೊಟ್ಟದ್ದು ಪುಸ್ತಕದ ಬಳಕೆಗೆ. ಅವರ ಹೆಸರು ಹೇಳುವವರು ಸಂಖ್ಯೆ ಬರೆಯುವುದನ್ನು ಮುಂದಕ್ಕೆ ತಂದಿದ್ದಾರೆ.

ಪಂಚಾಯಿತಿ ಗ್ರಂಥಾಲಯಗಳಿವೆಯಲ್ಲ ಎನ್ನಬಹುದು. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ, ಮರುವರ್ಷದ ‘ಓದುವ ಬೆಳಕು’ ಅಭಿಯಾನದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಒಳ್ಳೆಯ ಕೆಲಸ. ಗಮನಿಸಿ, ಅಲ್ಲಿ ಮೇಲ್ವಿಚಾರಕರೆಂಬ ಒಬ್ಬ ಮನುಷ್ಯ ಇದ್ದಾರೆ, ಅದಕ್ಕೇ ಅಭಿಯಾನ ನಡೆಯಿತು. ಆದರೆ ಅದು ಇರುವುದು ಪಂಚಾಯಿತಿ ಕೇಂದ್ರದಲ್ಲಿ; ದೂರದ ಹಾಡಿಯ ಮಗು ಸಂಜೆ ಅಲ್ಲಿಗೆ ನಡೆದು ಬರುವುದಿಲ್ಲ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ವಾರಕ್ಕೊಂದು ಗ್ರಂಥಾಲಯ ಪೀರಿಯಡ್ ಇರಲಿ, ಪುಸ್ತಕವನ್ನು ಶಿಕ್ಷಕರು ಹಂಚದೆ ಮಗುವೇ ಆರಿಸಿಕೊಳ್ಳಲಿ ಎಂದಿತ್ತು. ಪರೀಕ್ಷೆ ಹತ್ತಿರವಾದರೆ ಗಣಿತಕ್ಕೆ ಮೊದಲು ಬಲಿಯಾಗುವುದು ಅದೇ ಪೀರಿಯಡ್. ಹಾಗಾಗಿ ನನ್ನ ಬೇಡಿಕೆ ಸಣ್ಣದು, ಜಿಗುಟಾದದ್ದು: ಕ್ಲಸ್ಟರಿಗೊಬ್ಬ ಶಿಕ್ಷಕ-ಗ್ರಂಥಪಾಲಕ, ಶಾಲೆಗಳನ್ನು ಸುತ್ತುವುದೇ ಅವರ ಕೆಲಸ, ಶಾಲೆಯ ಹೊಣೆ ಹೊತ್ತ ಶಿಕ್ಷಕರಿಗೆ ಪಾಠದ ಪೀರಿಯಡ್‌ಗಳಲ್ಲಿ ಆದೇಶದ ಮೂಲಕವೇ ಕಡಿತ, ತಪಾಸಣೆಯ ನಮೂನೆಯಲ್ಲಿ ಒಟ್ಟು ಪುಸ್ತಕಗಳ ಸಂಖ್ಯೆಯ ಮೊದಲು, ಕಳೆದ ತಿಂಗಳು ಮನೆಗೆ ಹೋದ ಪುಸ್ತಕಗಳ ಸಂಖ್ಯೆ. ಒಂದೂ ಕಳೆದಿಲ್ಲ ಎಂದು ವರದಿ ಮಾಡಿದ ಶಾಲೆಗೆ ಇಲಾಖೆ ಕಾರಣ ಕೇಳಿ ನೋಟಿಸ್ ಕಳಿಸಲಿ.