ಹೊಲಿಗೆಯ ಪಾಠವೂ ಬಟ್ಟೆಯಂಗಡಿಯೂ

ನಮ್ಮ ಶಾಲೆಗಳಲ್ಲಿ ಬಹುಕಾಲ ನಡೆದು ಬಂದ ಹೊಲಿಗೆಯ ಪಾಠದ ಗುಣದೋಷಗಳನ್ನು ತಿಳಿಯಬೇಕೆನ್ನುವವರು ಅದರ ಪರಮಫಲವಾದ ಮಾದರಿ ಪುಸ್ತಕವನ್ನು ಒಮ್ಮೆ ತೆರೆದು ನೋಡಿದರೆ ಸಾಕು. ಅಂಗೈಯಗಲದ ಬಿಳಿಯ ಲಾಂಗ್‌ಕ್ಲಾತ್ ತುಂಡುಗಳಲ್ಲಿ ಒಂದರ ಮೇಲೆ ಕಚ್ಚಾ ಹೊಲಿಗೆ, ಇನ್ನೊಂದರ ಮೇಲೆ ಹೆಮ್ಮಿಂಗು, ಮತ್ತೊಂದರ ಮೇಲೆ ಕಾಜಾ, ಹೀಗೆ ಅನುಕ್ರಮವಾಗಿ ಹೊಲಿಯಿಸಿ, ಅವನ್ನು ದಪ್ಪ ಹಾಳೆಗಳಿಗೆ ಅಂಟಿಸಿ, ಕೆಳಗೆ ದುಂಡಾದ ಅಕ್ಷರಗಳಲ್ಲಿ ಹೆಸರು ಬರೆಯಿಸಿ, ವರ್ಷಾಂತ್ಯದ ಪರೀಕ್ಷೆಗೆ ಒಪ್ಪಿಸುವುದರೊಡನೆ ಆ ವಿದ್ಯೆ ಪರಿಸಮಾಪ್ತಿಯಾಗುತ್ತಿತ್ತು. ತೇಪೆ ಹಾಕುವುದನ್ನು ಕಲಿಸುವ ಸಲುವಾಗಿ ಹೊಸ ಬಟ್ಟೆಯಲ್ಲಿ ಬುದ್ಧಿಪೂರ್ವಕವಾಗಿ ತೂತು ಕತ್ತರಿಸುತ್ತಿದ್ದರೆಂಬುದನ್ನು ನೆನೆದರೆ ಆ ಕ್ರಮದ ಸ್ವರೂಪ ಸಾಕಷ್ಟು ಸ್ಪಷ್ಟವಾಗುತ್ತದೆ.

ಅದರಲ್ಲಿ ಸತ್ವವೇ ಇರಲಿಲ್ಲವೆಂದು ನಾನು ಹೇಳಲಾರೆ. ಓರೆಯಾದ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಬೇಕೆಂಬ ನಿಷ್ಠುರ ನಿಯಮ ಕೈಗೆ ಸಂಯಮವನ್ನು ಕಲಿಸುತ್ತಿತ್ತು. ಆದರೆ ಪೇಟೆಯ ದರ್ಜಿಗಳಲ್ಲಿ ಬಹುಮಂದಿ ಗಂಡಸರೇ ಆಗಿರುವ ನಾಡಿನಲ್ಲಿ ಶಾಲೆಯ ಸೂಜಿ ಮಾತ್ರ ಹುಡುಗಿಯರ ಪಾಲಿಗೇ ಬಿದ್ದದ್ದು ವಿಚಿತ್ರವೇ ಸರಿ. 1937ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಮುಂದಿಟ್ಟ, ಜಾಕಿರ್ ಹುಸೇನರ ಸಮಿತಿ ರೂಪಕೊಟ್ಟ ಮೂಲಶಿಕ್ಷಣದ ಯೋಜನೆಯಲ್ಲಿ ಕೈಕಸಬು ಇತರ ಪಾಠಗಳ ಬದಿಯಲ್ಲಿ ಕುಳಿತ ಅತಿಥಿಯಾಗಿರದೆ, ಗಣಿತ ಭೂಗೋಳಗಳೆಲ್ಲ ಅದರಿಂದಲೇ ಹೊಮ್ಮಬೇಕೆಂಬ ಉದ್ದೇಶವಿತ್ತು. ಈಶ್ವರಭಾಯಿ ಪಟೇಲ್ ಸಮಿತಿ 1977ರಲ್ಲಿ ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂಬ ದೀರ್ಘ ನಾಮಧೇಯದೊಡನೆ ಅದನ್ನೇ ಮತ್ತೆ ಎತ್ತಿ ಹಿಡಿಯಿತು. ಯಾರೂ ತೊಡದ, ಹೊದೆಯದ, ಕೈಗೆತ್ತಿಕೊಳ್ಳದ ತುಂಡುಗಳ ಪುಸ್ತಕದಲ್ಲಿ ಸಮಾಜವೆಲ್ಲಿ, ಉಪಯೋಗವೆಲ್ಲಿ, ಉತ್ಪಾದನೆಯೆಲ್ಲಿ ಎಂದು ಕೇಳಿದವರು ವಿರಳ.

ಶಾಲೆಯ ಹೊರಗೆ ನಮ್ಮ ಹೆಂಗಸರು ನಡೆಸಿಕೊಂಡು ಬಂದ ಪಾಠ ಬೇರೆಯದು. ಉತ್ತರ ಕರ್ನಾಟಕದ ಕೌದಿಯಲ್ಲಿ ಹಳೆಯ ಸೀರೆ ಧೋತರಗಳ ಪದರಗಳನ್ನು ಕೂಡಿಸುವುದು ಆದ್ಯಂತವೂ ಒಂದೇ ಸರಳವಾದ ಓಟದ ಹೊಲಿಗೆ. ಕಲಿಯುವ ಮಗುವಿನ ಹೊಲಿಗೆ ಅಷ್ಟಿಷ್ಟು ಡೊಂಕಾದರೂ ಅದು ಅಜ್ಜಿಯ ಸಾಲುಗಳ ನಡುವೆ ಸಲ್ಲುತ್ತದೆ, ಚಳಿಯ ರಾತ್ರಿ ಅದೇ ಹೊದಿಕೆಯಾಗುತ್ತದೆ. ಹಳಿಯಾಳ, ಯಲ್ಲಾಪುರಗಳ ಸುತ್ತಿನ ಸಿದ್ದಿ ಹೆಂಗಸರು ಅಂಚಿನಿಂದ ತೊಡಗಿ ಮಧ್ಯದ ಕಡೆಗೆ ತುಂಡುಗಳನ್ನು ಕೂಡಿಸುತ್ತ ಹೋಗುವ ಕ್ರಮವಂತೂ ಯಾವ ನಕ್ಷೆಯನ್ನೂ ಬೇಡದು. ಧಾರವಾಡ ಸೀಮೆಯ ಕಸೂತಿಯ ಗವಂತಿ, ಮುರುಗಿ, ನೇಗಿ, ಮೆಂತೆಗಳಲ್ಲಿಯೂ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ತೇರನ್ನಾಗಲಿ ಗೋಪುರವನ್ನಾಗಲಿ ನೇಯ್ಗೆಯ ಎಳೆಗಳನ್ನೆಣಿಸಿಯೇ ಮೂಡಿಸಬೇಕು. ಗವಂತಿಯಲ್ಲಿ ಹೋದ ದಾರಿಯಲ್ಲಿಯೇ ಹಿಂದಿರುಗಿ ಬಂದು ಖಾಲಿ ಬಿಟ್ಟಲ್ಲಿ ತುಂಬಿದಾಗ ಬಟ್ಟೆಯ ಎರಡು ಮೈಗಳೂ ಒಂದೇ ಆಗಿ ಕಾಣುತ್ತವೆ. ಹಾಸು ದಟ್ಟವಾಗಿ ಹೊಕ್ಕು ವಿರಳವಾದ ಬಟ್ಟೆಯಲ್ಲಿ ಗೋಪುರ ಕುಳ್ಳಾಗಿಯೋ ನೀಳವಾಗಿಯೋ ವಿಕಾರಗೊಳ್ಳುವುದರಿಂದ, ಬಟ್ಟೆಯನ್ನರಿಯದವಳಿಗೆ ಕಸೂತಿ ಒಲಿಯುವುದಿಲ್ಲ. ಮಾದರಿ ಪುಸ್ತಕ ಬಿಟ್ಟುಬಿಟ್ಟದ್ದು ಈ ಅರಿವನ್ನೇ.

ಆದುದರಿಂದ ಹೊಲಿಗೆಯ ಮೊದಲನೆಯ ಪಾಠ ನಡೆಯತಕ್ಕದ್ದು ಬಟ್ಟೆಯಂಗಡಿಯಲ್ಲಿ ಎಂಬುದು ನನ್ನ ಪಕ್ಷ. ಬೆಂಗಳೂರಿನ ಚಿಕ್ಕಪೇಟೆಯಾಗಲಿ, ಹುಬ್ಬಳ್ಳಿಯ ದುರ್ಗದಬೈಲಾಗಲಿ, ಸಂತೆಯ ಊರಿನ ಕಟ್‌ಪೀಸ್ ಅಂಗಡಿಯಾಗಲಿ, ಜನಸಂದಣಿಯಿಲ್ಲದ ಮುಂಜಾನೆಯಲ್ಲಿ ಮಗುವನ್ನು ಕರೆದೊಯ್ದು, ಥಾನಿನ ತುದಿಯನ್ನು ಅದರ ಕೈಗೆ ಕೊಟ್ಟು, ಅಂಚಿನ ಗುಂಟ ಎಳೆದಾಗ ಬಟ್ಟೆ ಹಿಗ್ಗದಿರುವುದನ್ನೂ, ಅಡ್ಡಲಾಗಿ ಎಳೆದಾಗ ತುಸುವೇ ಸಡಿಲುವುದನ್ನೂ, ಮೂಲೆಯಿಂದ ಮೂಲೆಗೆ ಎಳೆದಾಗ ಧಾರಾಳವಾಗಿ ಜಗ್ಗುವುದನ್ನೂ ತಾನೇ ಕಂಡುಕೊಳ್ಳುವಂತೆ ಮಾಡಿದರೆ, ಕೊರಳಪಟ್ಟಿಯನ್ನು ಓರೆಯಾಗಿ ಏಕೆ ಕತ್ತರಿಸುತ್ತಾರೆಂಬ ಪ್ರಶ್ನೆಗೆ ಮುಂದೆ ವಿವರಣೆಯೇ ಬೇಕಾಗದು. ಪಾಪ್ಲಿನ್ನಿನ ಚುಂಗನ್ನು ಎರಡು ಬೆರಳುಗಳ ನಡುವೆ ತಿಕ್ಕಿದಾಗ ಪುಡಿ ಉದುರಿದರೆ ಅದು ನೂಲಿನ ಬಿಗಿಯಲ್ಲ, ಗಂಜಿಯ ಬಿಗಿ. ಮೊದಲ ಒಗೆತದಲ್ಲಿಯೇ ಅದು ಮುಗಿದುಹೋಗುತ್ತದೆ. ಅಂಗಡಿಯವರು ಕಾಟನ್ನೆಂದು ಹೇಳಿ ಕೊಟ್ಟದ್ದರಿಂದ ಒಂದೆಳೆಯನ್ನು ಬಿಡಿಸಿಕೊಂಡು, ಮನೆಯಲ್ಲಿ ಹಿರಿಯರೊಬ್ಬರು ದೀಪಕ್ಕೆ ಹಿಡಿದು ತೋರಿಸಿದರೆ, ಹತ್ತಿಯಾದಲ್ಲಿ ಕಾಗದ ಸುಟ್ಟ ವಾಸನೆಯೊಡನೆ ಮೃದುವಾದ ಬೂದಿಯೂ, ರೇಷ್ಮೆಯಾದಲ್ಲಿ ಕೂದಲು ಸುಟ್ಟ ವಾಸನೆಯೂ, ಪಾಲಿಯೆಸ್ಟರಾದಲ್ಲಿ ಕರಗಿ ಗಟ್ಟಿಯಾದ ಸಣ್ಣ ಗುಂಡೂ ಉಳಿಯುವುದು.

ಲೆಕ್ಕದ ವಿಷಯವಂತೂ ಇನ್ನೂ ಸ್ವಾರಸ್ಯಕರವಾದುದು. 27 ಅಂಗುಲ ಉದ್ದ, 17 ಅಂಗುಲ ಅಗಲದ ದಿಂಬಿಗೆ ಬಟ್ಟೆಯನ್ನು ಒಂದೇ ಪಟ್ಟಿಯಾಗಿ ಮಡಚಿ ಚೀಲ ಹೊಲಿಯಬೇಕಾದರೆ, ಒಳಮಡಿಕೆಯೂ ಹೊಲಿಗೆಯ ಅಂಚೂ ಸೇರಿ ಸುಮಾರು 62 ಅಂಗುಲ ಉದ್ದ, 19 ಅಂಗುಲ ಅಗಲದ ಪಟ್ಟಿ ಬೇಕು. 36 ಅಂಗುಲ ಅಗಲದ ಬಟ್ಟೆಯಲ್ಲಿ ಅಂಥ ಪಟ್ಟಿ ಒಂದೇ ಹಿಡಿಸುತ್ತದೆ. 44 ಅಂಗುಲದ್ದರಲ್ಲಿ ಎರಡು. ಎರಡು ದಿಂಬುಗಳಿಗೆ ಮೊದಲನೆಯದು ಮೂರು ಮೀಟರನ್ನೂ ಮೀರಿದರೆ ಎರಡನೆಯದು ಒಂದೂಮುಕ್ಕಾಲು ಮೀಟರಿನೊಳಗೆ ಮುಗಿಯುತ್ತದೆ. ಮೀಟರಿಗೆ ಹತ್ತು ರೂಪಾಯಿ ಅಗ್ಗವೆಂದು ಕಡಮೆ ಅಗಲದ ಬಟ್ಟೆಯನ್ನು ತಂದ ಗೃಹಸ್ಥರ ಲೆಕ್ಕ ಎಲ್ಲಿ ತಪ್ಪಿತೆಂಬುದನ್ನು ಹತ್ತು ವರ್ಷದ ಮಗು ಬೆರಳು ಮಡಚಿ ಹೇಳಬಲ್ಲುದು. ಹತ್ತಿಯ ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸಿದ ಮೇಲೆಯೇ ಕತ್ತರಿಸಬೇಕಾದುದರಿಂದ ಕುಗ್ಗುವಷ್ಟನ್ನು ಮುಂಚಿತವಾಗಿಯೇ ಕೂಡಿಸಿಕೊಳ್ಳಬೇಕೆಂಬುದನ್ನೂ ಅದು ಈ ಲೆಕ್ಕದಲ್ಲಿಯೇ ಕಲಿಯುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಊರ ಅಂಗಡಿಯ ಪರವಾಗಿ ಕೇಳಿಬರುವ ಭಾವುಕ ವಾದಗಳನ್ನೆಲ್ಲ ನಾನು ಒಪ್ಪಿದಂತಾಗಲಿಲ್ಲ. ಅಂಗಡಿ ನಮ್ಮೂರಿನದಾದರೂ ಅಲ್ಲಿನ ಥಾನುಗಳಲ್ಲಿ ಬಹುಪಾಲು ಸೂರತ್ತಿನವು, ಭಿವಂಡಿಯವು, ಈರೋಡಿನವು; ಅಲ್ಲಿ ಕೊಂಡ ಮಾತ್ರಕ್ಕೆ ನೆರೆಯ ನೇಕಾರನ ಮಗ್ಗ ಆಡುತ್ತದೆಂದು ಮಗುವಿಗೆ ಹೇಳುವುದು ಅಸತ್ಯ. ಗುಳೇದಗುಡ್ಡದ ಖಣವನ್ನೋ ಖಾದಿ ಭಂಡಾರದ ಒರಟು ಬಟ್ಟೆಯನ್ನೋ ಕೊಂಡಾಗ ಮಾತ್ರ ಆ ಮಾತು ಸಲ್ಲುತ್ತದೆ. ಕುಪ್ಪಸಕ್ಕೆಂದೇ ನೇಯ್ದ ಖಣದ ಅಂಚು ತೋಳಿನ ತುದಿಗೆ ಹೇಗೆ ಬಂದು ಕೂಡುತ್ತದೆಂಬುದನ್ನು ಅಲ್ಲಿಯೇ ತೋರಿಸಲೂಬಹುದು. ಮಿತವ್ಯಯದ ವಾದವೂ ಈಗ ನಿಲ್ಲದು. ಬಟ್ಟೆ, ದಾರ, ಗುಂಡಿ, ಒಳಪದರಗಳ ಬೆಲೆಯನ್ನು ಕೂಡಿಸಿದರೆ ಮನೆಯಲ್ಲಿ ಹೊಲಿದ ಲಂಗ ಸಿದ್ಧ ಉಡುಪಿಗಿಂತ ದುಬಾರಿಯಾಗುವುದೇ ಹೆಚ್ಚು. ಈ ಅಭ್ಯಾಸದ ಸಮರ್ಥನೆ ಇರುವುದು ಪರೀಕ್ಷಕ ದೃಷ್ಟಿಯಲ್ಲಿ: ತಾನೊಮ್ಮೆ ಹೊಲಿದ ಮಗು ಅಂಗಡಿಯ ಅಂಗಿಯನ್ನು ಒಳಮಗ್ಗುಲಾಗಿ ತಿರುವಿ, ಹೊಲಿಗೆಯಂಚಿಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ, ಪಕ್ಕೆಯಲ್ಲಿ ಚೌಕಳಿ ಚೌಕಳಿಗೆ ಕೂಡಿದೆಯೆ ಎಂದು ನೋಡದೆ ಬಿಡದು.

ಇತ್ತೀಚೆಗೆ ಪೆಟ್ಟಿಗೆಯಲ್ಲಿ ಬರುವ, ಮುಂಚಿತವಾಗಿಯೇ ತೂತು ಕೊರೆದ ಫೆಲ್ಟಿನ ಗೊಂಬೆಗಳಿಗೂ ಪ್ಲಾಸ್ಟಿಕ್ ಸೂಜಿಗಳಿಗೂ ಇಲ್ಲಿ ಹೆಚ್ಚು ಮಾತು ಬೇಡ. ಫೆಲ್ಟಿಗೆ ಹಾಸೂ ಇಲ್ಲ ಹೊಕ್ಕೂ ಇಲ್ಲ, ಕತ್ತರಿಸಿದರೆ ಎಳೆ ಬಿಡುವುದೂ ಇಲ್ಲವಾದ್ದರಿಂದ ಅಂಚನ್ನು ಮಡಚುವುದೇಕೆಂಬ ಪ್ರಶ್ನೆಯೇ ಅಲ್ಲಿ ಹುಟ್ಟದು. ಹೊಲಿಗೆಯ ಯಂತ್ರದ ವಿಷಯದಲ್ಲಿಯಾದರೋ, ಕೈಹೊಲಿಗೆ ಹಿಡಿತಕ್ಕೆ ಬಂದ ಮೇಲೆ ಮೋಟಾರಿಲ್ಲದ, ವೇಗ ತನ್ನ ಕಾಲಿನ ಅಧೀನದಲ್ಲಿರುವ ಯಂತ್ರವನ್ನು ಕೊಡುವುದು ಕ್ಷೇಮ. ಮೊದಲನೆಯ ವರ್ಷಕ್ಕೆ ನಾನು ಗೊತ್ತುಮಾಡುವುದು ಮಗು ತಾನೇ ಆರಿಸಿದ ಬಟ್ಟೆಯ ಒಂದು ಸಂತೆಚೀಲ, ಅಷ್ಟೆ. ಹೊಲಿದ ದಿನವೇ ಅಂಕ ಕೊಡಬಾರದು. ತಿಂಗಳೆರಡು ತಿಂಗಳು ಅದರಲ್ಲಿ ಅಕ್ಕಿ ಬೇಳೆ ಆಲೂಗಡ್ಡೆ ಹೊತ್ತು, ನಾಲ್ಕಾರು ಬಾರಿ ಒಗೆದಾದ ಮೇಲೆ ಪರೀಕ್ಷಕರು ನೋಡಲಿ. ಹಿಡಿಕೆ ಕಿತ್ತು ಬಂದಿದ್ದರೆ, ಅದರ ಬುಡದಲ್ಲಿ ಚೌಕವಾಗಿ ಹೊಲಿದು ನಡುವೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಹಾಯಿಸುವ ಕ್ರಮವನ್ನು ಆಗ ಕಲಿಸಿದರಾಯಿತು.